ಕೋಲು ಬಿದ್ದ ಮೇಲೆ ಚೆಂಡೆ ಸದ್ದು: ಹಳೇ ಕಂಪ್ಯೂಟರಿನಲ್ಲಿ ವಿಎಚ್‌ಎಸ್ ಟೇಪು ಇಳಿಸಿದ ಒಂದು ಪ್ರಕರಣ

ಇದು ಕರಾವಳಿಯ ಒಂದು ಮನೆಯಲ್ಲಿ ನಡೆದದ್ದು. ಊರು, ಹೆಸರು, ಮೇಳದ ಗುರುತು ಎಲ್ಲ ಬಿಟ್ಟಿದ್ದೇನೆ. ನಿವೃತ್ತ ಅಧ್ಯಾಪಕರೊಬ್ಬರನ್ನು ಮಾಷ್ಟ್ರು ಅಂತಲೂ, ಅವರ ತಂಗಿಯ ಮೊಮ್ಮಗನನ್ನು ಹುಡುಗ ಅಂತಲೂ ಕರೆಯುತ್ತೇನೆ. ಹಳೇ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವ ಆಸೆ ಇರುವವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಮದುವೆ, ಶಾಲಾ ವಾರ್ಷಿಕೋತ್ಸವ, ಆಟ (ಯಕ್ಷಗಾನ ಪ್ರದರ್ಶನ), ಕೂಟ (ವೇಷವಿಲ್ಲದೆ ಕೂತು ಅರ್ಥ ಹೇಳುವ ತಾಳಮದ್ದಳೆ), ಎಲ್ಲ ಆ ಕಪ್ಪು ಪೆಟ್ಟಿಗೆಗಳಲ್ಲೇ ಉಳಿದಿದೆ. ಕಂಪ್ಯೂಟರು ಹಳೆಯದು ಅನ್ನುವ ಒಂದೇ ಕಾರಣಕ್ಕೆ ಕೈಬಿಡಬೇಕಾಗಿಲ್ಲ. ಅದಕ್ಕೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಮಾಷ್ಟ್ರ ಕಪಾಟಿನಲ್ಲಿ ವಿಎಚ್‌ಎಸ್ ಕ್ಯಾಸೆಟ್ಟುಗಳ ಎರಡು ಸಾಲು ಇತ್ತು. 1990ರ ದಶಕದಲ್ಲಿ ಅವರೂ ಅವರ ಗೆಳೆಯರೂ ದುಡ್ಡು ಸೇರಿಸಿ, ಕ್ಯಾಮೆರಾದವರನ್ನು ಕರೆಸಿ ತೆಗೆಸಿದ್ದ ಯಕ್ಷಗಾನ, ತಾಳಮದ್ದಳೆ. ಹೆಚ್ಚಿನವು ಇ-180 ಟೇಪು, ಅಂದರೆ ಮೂರು ಗಂಟೆಯದ್ದು. ರಾತ್ರಿ ಇಡೀ ಆಟಕ್ಕೆ ಮೂರು ನಾಲ್ಕು ಟೇಪು ಬೇಕಾಗುತ್ತಿತ್ತು. ಅದರಲ್ಲಿ ಹಾಡಿದ ಭಾಗವತರಲ್ಲಿ, ಅರ್ಥ ಹೇಳಿದವರಲ್ಲಿ ಕೆಲವರು ಈಗಿಲ್ಲ. ಅವರ ಆ ಪ್ರಸಂಗ ಬೇರೆಲ್ಲೂ ಸಿಗುವುದಿಲ್ಲ.

ಮನೆಯಲ್ಲಿದ್ದ ಕಂಪ್ಯೂಟರು ಕೋರ್ 2 ಡ್ಯುಯೊ ಕಾಲದ್ದು. 2 ಜಿಬಿ ರ‍್ಯಾಮ್, 320 ಜಿಬಿ ಹಾರ್ಡ್ ಡಿಸ್ಕ್. ಹುಡುಗ ಅದಕ್ಕೆ ಹಗುರವಾದ ಲಿನಕ್ಸ್ ಹಾಕಿಕೊಂಡಿದ್ದ. ವಿಸಿಆರ್‌ನ ಹಳದಿ, ಬಿಳಿ, ಕೆಂಪು ವೈರುಗಳನ್ನು ಯುಎಸ್‌ಬಿಗೆ ಜೋಡಿಸುವ ಒಂದು ಚಿಕ್ಕ ಕ್ಯಾಪ್ಚರ್ ಸ್ಟಿಕ್ ತರಿಸಿದ್ದ. ಅದರ ಜೊತೆ ಬಂದ ಸಾಫ್ಟ್‌ವೇರ್ ಲಿನಕ್ಸಿಗೆ ಆಗುವುದಿಲ್ಲ. ಹಾಗಾಗಿ ವಿಡಿಯೋ ಹಿಡಿಯಲು, ಕುಗ್ಗಿಸಲು ಬಳಸುವ ಎಫ್‌ಎಫ್‌ಎಂಪೆಗ್ ಹಿಡಿದ. 2000ದಲ್ಲಿ ಫ್ಯಾಬ್ರಿಸ್ ಬೆಲಾರ್ಡ್ ಶುರು ಮಾಡಿದ ಈ ತಂತ್ರಾಂಶಕ್ಕೆ ಬಟನ್ನು, ಕಿಟಕಿ ಏನೂ ಇಲ್ಲ. ಟರ್ಮಿನಲ್ಲಿನಲ್ಲಿ ಒಂದು ಸಾಲು ಟೈಪ್ ಮಾಡಿದರೆ ಆಯಿತು. ಹಳೇ ಕಂಪ್ಯೂಟರಿಗೆ ಇದು ಒಳ್ಳೆಯದೇ, ಯಾಕೆಂದರೆ ತೋರಿಕೆಗೆ ಅಂತ ಒಂದಿಷ್ಟೂ ಶಕ್ತಿ ಖರ್ಚಾಗುವುದಿಲ್ಲ. ಆದರೆ ಆ ಸಾಲಿನಲ್ಲಿ ಏನು ಬರೆದಿದ್ದೀರಿ ಅನ್ನುವುದರ ಮೇಲೇ ಎಲ್ಲ ನಿಂತಿದೆ. ಹುಡುಗನ ಹತ್ತಿರ ಇದ್ದದ್ದು ಎಲ್ಲೋ ಸಿಕ್ಕಿದ, ನಕಲು ಮಾಡಿದ ಸಾಲು.

ತೊಂದರೆ ಏನು

ಮೊದಲ ಟೇಪು ಇಳಿಸಿದ್ದಾಯಿತು. ಶುರುವಿನಲ್ಲಿ ಎಲ್ಲ ಚೆನ್ನಾಗಿತ್ತು. ನೋಡುತ್ತಾ ಹೋದ ಹಾಗೆ ಸದ್ದು ಹಿಂದೆ ಬಿತ್ತು. ಅರ್ಧ ಗಂಟೆ ಕಳೆದ ಮೇಲೆ ವೇಷಧಾರಿ ಕುಣಿದು ನಿಂತಿದ್ದಾನೆ, ಚೆಂಡೆ ಇನ್ನೂ ಬಾರಿಸುತ್ತಲೇ ಇದೆ. ಮಾಷ್ಟ್ರು ಹೇಳಿದ ಮಾತು ಇದು: "ಎಂತ ಮಾರಾಯ, ಕೋಲು ಬಿದ್ದು ಎಷ್ಟೋ ಹೊತ್ತಾದ ಮೇಲೆ ಸದ್ದು ಬರುದಾ? ಇದನ್ನು ಯಾರಿಗೆ ತೋರಿಸುದು?"

ಇನ್ನೂ ಕೆಲವು ತೊಂದರೆಗಳಿದ್ದವು. ಎರಡು ಫೈಲು ತೆರೆಯಲೇ ಇಲ್ಲ. ಒಂದು ಫೈಲು 4 ಜಿಬಿ ಆಗುತ್ತಿದ್ದಂತೆ ನಿಂತುಹೋಗಿತ್ತು. ಕುಣಿತದ ಜಾಗದಲ್ಲಿ ಚಿತ್ರ ತಡವರಿಸುತ್ತಿತ್ತು. ಹುಡುಗನಿಗೆ ಇದೆಲ್ಲ ಒಂದೇ ಕಾಯಿಲೆ ಅನ್ನಿಸಿತ್ತು. ಸ್ಟಿಕ್ಕೇ ಹಾಳು ಅಂತ ತೀರ್ಮಾನ ಮಾಡಿ ಇನ್ನೊಂದು ತರಿಸಿದ. ಅದರಲ್ಲೂ ಅದೇ ಕಥೆ. ನನ್ನನ್ನು ಕರೆದದ್ದು ಆಮೇಲೆ.

ಮೊದಲ ತೀರ್ಮಾನ: ಒಳ್ಳೇ ಟೇಪು ಮುಟ್ಟುವುದು ಬೇಡ

ಮಾಷ್ಟ್ರಿಗೆ ಅವಸರ ಇತ್ತು. ಎಲ್ಲಕ್ಕಿಂತ ಬೆಲೆಬಾಳುವ ತಾಳಮದ್ದಳೆಯ ಟೇಪನ್ನೇ ಮೊದಲು ಹಾಕಿ ಅಂದರು. ನಾನು ಒಪ್ಪಲಿಲ್ಲ. ಟೇಪು ಓಡಿದಷ್ಟೂ ಸವೆಯುತ್ತದೆ, ಹಳೇ ಟೇಪು ಸಿಕ್ಕಿಕೊಂಡು ಕತ್ತರಿಸಿಯೂ ಹೋಗಬಹುದು. ಪ್ರಯೋಗಕ್ಕೆ ಅದನ್ನು ಬಳಸಬಾರದು. "ಮಾಷ್ಟ್ರೇ, ಹೋದರೆ ಹೋಗಲಿ ಅನ್ನುವಂಥ ಒಂದು ಟೇಪು ಕೊಡಿ" ಅಂದೆ. ಟಿವಿಯಿಂದ ಹಿಡಿದಿಟ್ಟಿದ್ದ ಒಂದು ಆಟದ ಟೇಪು ಕೊಟ್ಟರು. ಅದರಲ್ಲೂ ಚೆಂಡೆ ಇತ್ತು, ನಮಗೆ ಬೇಕಾಗಿದ್ದು ಅದೇ.

ಸದ್ದು ಮತ್ತು ಚಿತ್ರ ಸರಿ ಇದೆಯಾ ಅಂತ ನೋಡಲು ಚೆಂಡೆಯಷ್ಟು ಒಳ್ಳೇ ಸಾಧನ ಇನ್ನೊಂದಿಲ್ಲ. ಕೋಲು ಚರ್ಮಕ್ಕೆ ತಾಗುವ ಕ್ಷಣ ಕಣ್ಣಿಗೆ ಕಾಣುತ್ತದೆ, ಪೆಟ್ಟು ಚುರುಕಾಗಿ ಕೇಳುತ್ತದೆ. ಎಂಪಿವಿ ಅನ್ನುವ ಪ್ಲೇಯರಿನಲ್ಲಿ ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದೊಂದೇ ಫ್ರೇಮು, ಅಂದರೆ ಒಂದೊಂದೇ ಬಿಡಿ ಚಿತ್ರ, ಮುಂದೆ ಹೋಗುತ್ತದೆ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮು, ಅಂದರೆ ಒಂದು ಫ್ರೇಮಿಗೆ 40 ಮಿಲಿಸೆಕೆಂಡು. ಶುರು, ನಡು, ಕೊನೆ ಮೂರೂ ಕಡೆ ಒಂದೊಂದು ಪೆಟ್ಟು ಹುಡುಕಿ, ಒಂದೆರಡು ಫ್ರೇಮಿನ ಒಳಗೆ ಸದ್ದು ಬಿದ್ದರೆ ಸರಿ ಅಂತ ಅಳತೆ ಇಟ್ಟುಕೊಂಡೆವು. ತಾಳಮದ್ದಳೆಯಲ್ಲಿ ಎಲ್ಲರೂ ಕೂತೇ ಇರುತ್ತಾರೆ, ತುಟಿ ನೋಡಿ ಹೇಳುವುದು ಕಷ್ಟ. ಅಲ್ಲಿ ಮದ್ದಳೆಯ ಕೈ ನೋಡಬಹುದು.

ಫೈಲು ಹೇಳಿದ್ದು

ಹಾಳಾದ ಫೈಲನ್ನು ಮೊದಲು ಎಫ್‌ಎಫ್‌ಪ್ರೋಬ್‌ಗೆ ಕೊಟ್ಟೆವು. ಅದು ಎಫ್‌ಎಫ್‌ಎಂಪೆಗ್ ಜೊತೆಗೇ ಬರುತ್ತದೆ, ಫೈಲಿನ ಒಳಗೆ ಏನಿದೆ ಅಂತ ಹೇಳುವುದಷ್ಟೇ ಅದರ ಕೆಲಸ. ಒಂದು ಗಂಟೆ ರೆಕಾರ್ಡ್ ಮಾಡಿದ್ದ ಫೈಲಿನಲ್ಲಿ ಸದ್ದು ಪೂರ್ತಿ 60 ನಿಮಿಷ ಇತ್ತು. ಚಿತ್ರ ಮಾತ್ರ 58 ನಿಮಿಷ 12 ಸೆಕೆಂಡು. ಗಂಟೆಗೆ 90,000 ಫ್ರೇಮು ಇರಬೇಕಾದ ಕಡೆ 87,300 ಇತ್ತು. 2,700 ಫ್ರೇಮು ಎಲ್ಲೋ ಹೋಗಿದೆ.

ಇಲ್ಲಿ ಒಂದು ಗುಮಾನಿ ತಕ್ಷಣ ಬಿಟ್ಟುಹೋಯಿತು. ಸದ್ದಿನ ವೈರು ಸ್ಟಿಕ್ಕಿಗೆ ಹಾಕಿರಲಿಲ್ಲ; ಸದ್ದು ಬರುತ್ತಿದ್ದದ್ದು ಕಂಪ್ಯೂಟರಿನ ಲೈನ್-ಇನ್ ತೂತಿನಿಂದ, ಚಿತ್ರ ಮಾತ್ರ ಸ್ಟಿಕ್ಕಿನಿಂದ. ಎರಡಕ್ಕೂ ಬೇರೆ ಬೇರೆ ಗಡಿಯಾರ, ಅದು ಹೊಂದುತ್ತಿಲ್ಲ ಅಂತ ಹುಡುಗ ಎಲ್ಲೋ ಓದಿದ್ದ. ಆ ಮಾತು ಸುಳ್ಳಲ್ಲ. ಆದರೆ ಅಂಥ ವ್ಯತ್ಯಾಸ ಹತ್ತು ಲಕ್ಷಕ್ಕೆ ನೂರು ಅಂತ ಹಿಡಿದರೂ ಗಂಟೆಗೆ 0.36 ಸೆಕೆಂಡು ಆಗುತ್ತದೆ, ಅಷ್ಟೇ. ನಮ್ಮಲ್ಲಿ ತಪ್ಪಿದ್ದು 108 ಸೆಕೆಂಡು. ಹೀಗೆ ಒಂದು ಲೆಕ್ಕ ಹಾಕಿದರೆ ಸುಮ್ನೆ ಅಲೆಯುವುದು ಎಷ್ಟೋ ತಪ್ಪುತ್ತದೆ.

ಹುಡುಗ ಅದಕ್ಕೂ ಮೊದಲೇ ಒಂದು ರಿಪೇರಿ ಮಾಡಿ ನೋಡಿದ್ದ. ಚಿತ್ರವನ್ನು ಪೂರ್ತಿ ಒಂದೇ ಸಮನಾಗಿ ಎಳೆದು 60 ನಿಮಿಷಕ್ಕೆ ಹೊಂದಿಸಿದ್ದ. ಕೊನೆಯಲ್ಲಿ ಸರಿಯಾಯಿತು. ಆದರೆ ಮೊದಲು ಸರಿಯಿದ್ದ ಶುರುವಿನ ಭಾಗವೇ ಕೆಟ್ಟಿತು. ಅವನಿಗೆ ಬೇಜಾರಾಗಿ ಆ ಫೈಲು ಅಳಿಸಿಬಿಟ್ಟಿದ್ದ. ನನಗೆ ಇಡೀ ಪ್ರಕರಣದ ಬೀಗದ ಕೈ ಇಲ್ಲೇ ಕಂಡಿತು. ಒಂದೇ ಸಮ ಎಳೆದರೆ ಸರಿಯಾಗುವುದಿಲ್ಲ ಅಂದರೆ ಫ್ರೇಮುಗಳು ಒಂದೇ ಸಮ ಕಳೆದಿಲ್ಲ ಅಂತ ಅರ್ಥ. ಎಲ್ಲಿಂದ ಕಳೆಯಲು ಶುರುವಾಯಿತು ಅಂತ ನೋಡಬೇಕು. ಹಾಳಾದ ಫೈಲುಗಳಲ್ಲಿ ಚೆಂಡೆ ಪೆಟ್ಟು ಹುಡುಕುತ್ತಾ ಹೋದೆವು. ಸುಮಾರು ಇಪ್ಪತ್ತು ನಿಮಿಷದ ತನಕ ಸದ್ದು ಚಿತ್ರ ಒಟ್ಟಿಗೇ ಇದೆ. ಆಮೇಲೆ ಜಾರಲು ಶುರು. ಎಲ್ಲ ಫೈಲಿನಲ್ಲೂ ಹೆಚ್ಚು ಕಡಿಮೆ ಹಾಗೇ.

ಇಪ್ಪತ್ತು ನಿಮಿಷದ ಗುಟ್ಟು

ಎಫ್‌ಎಫ್‌ಎಂಪೆಗ್ ಓಡುತ್ತಿರುವಾಗ ಟರ್ಮಿನಲ್ಲಿನ ಕೊನೇ ಸಾಲಿನಲ್ಲಿ ಅಂಕಿಗಳು ಬದಲಾಗುತ್ತಲೇ ಇರುತ್ತವೆ. ಎಷ್ಟು ಫ್ರೇಮು ಆಯಿತು, ಫೈಲು ಎಷ್ಟು ದೊಡ್ಡದಾಯಿತು, ಕೊನೆಯಲ್ಲಿ ಸ್ಪೀಡ್. ಟೇಪು ಓಡುವಾಗ ಆ ಸ್ಪೀಡ್ 1 ಎಕ್ಸ್ ಇರಬೇಕು. ಅದಕ್ಕಿಂತ ಕಮ್ಮಿ ಇದ್ದರೆ ಕಂಪ್ಯೂಟರಿಗೆ ಟೇಪಿನ ಜೊತೆ ಓಡಲು ಆಗುತ್ತಿಲ್ಲ. ಟೇಪು ಕಾಯುವುದಿಲ್ಲ, ಹಾಗಾಗಿ ಫ್ರೇಮು ಬಿದ್ದುಹೋಗುತ್ತದೆ. ಹುಡುಗ ರೆಕಾರ್ಡಿಂಗ್ ಶುರು ಮಾಡಿ ಎದ್ದು ಹೋಗುತ್ತಿದ್ದ. ನಾವು ಈ ಸಲ ಕೂತು ನೋಡಿದೆವು.

ಮೊದಲು 1 ಎಕ್ಸ್. ಹದಿನೈದು ನಿಮಿಷ ದಾಟಿದ ಮೇಲೆ ಸಿಪಿಯು ಪೆಟ್ಟಿಗೆಯ ಫ್ಯಾನು ಜೋರಾಗಿ ಕೂಗಲು ಶುರುಮಾಡಿತು. ಸ್ವಲ್ಪ ಹೊತ್ತಿಗೆ 0.99 ಆಯಿತು, ನಂತರ 0.98. ಇನ್ನೊಂದು ಟರ್ಮಿನಲ್ಲಿನಲ್ಲಿ ಸೆನ್ಸರ್ಸ್ ಅನ್ನುವ ಆಜ್ಞೆ ಕೊಟ್ಟರೆ ಪ್ರೊಸೆಸರಿನ ಬಿಸಿ ತೋರಿಸುತ್ತದೆ. 90 ಡಿಗ್ರಿ ದಾಟಿತ್ತು. ಅಷ್ಟು ಬಿಸಿಯಾದರೆ ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಧಾನ ಮಾಡುತ್ತದೆ. ಕೆಟ್ಟಿದ್ದು ಸ್ಟಿಕ್ಕೂ ಅಲ್ಲ, ತಂತ್ರಾಂಶವೂ ಅಲ್ಲ.

ಪೆಟ್ಟಿಗೆ ಬಿಚ್ಚಿದೆವು. ಹೀಟ್‌ಸಿಂಕಿನ ಅಲ್ಯುಮಿನಿಯಂ ಪಟ್ಟಿಗಳ ನಡುವೆ ಧೂಳು ಕಂಬಳಿಯ ಹಾಗೆ ಕೂತಿತ್ತು. ಫ್ಯಾನು ತಿರುಗುತ್ತಿದೆ, ಗಾಳಿ ಒಳಗೆ ಹೋಗುತ್ತಿಲ್ಲ. ಫ್ಯಾನು ಕಳಚಿ, ಪೈಂಟಿನ ಬ್ರಷ್ಷಿನಿಂದ ಧೂಳು ತೆಗೆದು, ಪ್ರೊಸೆಸರಿನ ಮೇಲೆ ಒಣಗಿ ಪುಡಿಯಾಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆವು. ಬಿಸಿ ಎಷ್ಟೋ ಇಳಿಯಿತು. ಹಳೇ ಕಂಪ್ಯೂಟರಿನಲ್ಲಿ ವಿಡಿಯೋ ಕೆಲಸ ಮಾಡುವವರು ಆಜ್ಞೆಯ ಸಾಲು ತಿದ್ದುವ ಮೊದಲು ಪೆಟ್ಟಿಗೆ ಬಿಚ್ಚಿ ನೋಡಲಿ. ಇದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಪೂರ್ತಿ ಸರಿಯಾಗಲಿಲ್ಲ. ಒಡ್ಡೋಲಗ (ವೇಷಗಳ ಪ್ರವೇಶದ ಕುಣಿತ), ಧೀಂಗಿಣ (ಗಿರ್ರನೆ ಸುತ್ತುವ ಕುಣಿತ) ಬಂದಾಗ ಸ್ಪೀಡ್ ಮತ್ತೆ ಕೆಳಗೆ ಹೋಗುತ್ತಿತ್ತು.

ದೊಡ್ಡ ತಿರುವು: ಹಿಡಿಯುವುದು ಬೇರೆ, ಕುಗ್ಗಿಸುವುದು ಬೇರೆ

ಹುಡುಗನ ಸಾಲಿನಲ್ಲಿ ಚಿತ್ರವನ್ನು ಎಕ್ಸ್‌264 ಬಳಸಿ ಅಲ್ಲಿಂದಲ್ಲೇ ಕುಗ್ಗಿಸಿ ಎಂಪಿ4 ಮಾಡಲು ಹೇಳಿತ್ತು. ಎಷ್ಟು ವೇಗವಾಗಿ ಕುಗ್ಗಿಸಬೇಕು ಅಂತ ಹೇಳುವ ಪ್ರೀಸೆಟ್ ಏನೂ ಕೊಟ್ಟಿರಲಿಲ್ಲ. ಕೊಡದಿದ್ದರೆ ಅದು ಮೀಡಿಯಂ ಅಂತ ಹಿಡಿಯುತ್ತದೆ. ಎಕ್ಸ್‌264 ಒಂದು ಫ್ರೇಮಿಗೂ ಇನ್ನೊಂದಕ್ಕೂ ಏನು ಬದಲಾಗಿದೆ ಅಂತ ಹುಡುಕಿ ಹುಡುಕಿ ಫೈಲು ಚಿಕ್ಕದು ಮಾಡುತ್ತದೆ. ವಿಎಚ್‌ಎಸ್ ಚಿತ್ರದಲ್ಲಿ ಮೂಲೆ ಮೂಲೆಯಲ್ಲೂ ಮಿಣಮಿಣ ಅನ್ನುವ ಕಾಳುಕಾಳು ಗಲಾಟೆ ಇರುತ್ತದೆ. ಅದು ಪ್ರತಿ ಫ್ರೇಮಿಗೂ ಬೇರೆ. ಪಾಪ, ಪ್ರೊಸೆಸರು ಆ ಗಲಾಟೆಯನ್ನೂ ಜಾಗ್ರತೆಯಿಂದ ಲೆಕ್ಕ ಹಾಕುತ್ತಾ ಕೂರುತ್ತದೆ. ಜೊತೆಗೆ ಹುಡುಗನ ಸಾಲಿನಲ್ಲಿ ಚಿತ್ರ ಅಲುಗಿದಾಗ ಅಂಚಿನಲ್ಲಿ ಕಾಣುವ ಅಡ್ಡ ಗೆರೆ ತೆಗೆಯುವ ಯಾಡಿಫ್ ಫಿಲ್ಟರೂ ಇತ್ತು.

ಇಲ್ಲಿ ಎರಡು ದಾರಿ ಇತ್ತು. ಪ್ರೀಸೆಟ್ಟನ್ನು ಅಲ್ಟ್ರಾಫಾಸ್ಟ್ ಮಾಡುವುದು ಒಂದು. ಹೆಚ್ಚಿನವರು ಇದನ್ನೇ ಹೇಳುತ್ತಾರೆ. ಮಾಡಿ ನೋಡಿದೆವು, ಸ್ಪೀಡ್ 1 ಎಕ್ಸಿಗೆ ಬಂತು. ಆದರೆ ಫೈಲು ದೊಡ್ಡದಾಯಿತು, ಕುಣಿತದಲ್ಲಿ ಚಿತ್ರ ಚೌಕ ಚೌಕ ಒಡೆಯಿತು. ಒಂದು ಸಲವೇ ಓಡಿಸಲು ಆಗುವ ಟೇಪಿನ ಚಿತ್ರವನ್ನು ಕಂಪ್ಯೂಟರಿಗೆ ಕಷ್ಟ ಅಂತ ಕೆಡಿಸುವುದು ನನಗೆ ಸರಿ ಕಾಣಲಿಲ್ಲ.

ಇನ್ನೊಂದು ದಾರಿ, ಕೆಲಸವನ್ನೇ ಎರಡು ಮಾಡುವುದು. ಟೇಪು ಓಡುವಾಗ ಬಂದದ್ದನ್ನು ಬಂದ ಹಾಗೇ ಹಿಡಿದಿಡುವುದು ಮಾತ್ರ. ಗೆರೆ ತೆಗೆಯುವುದು, ಕುಗ್ಗಿಸುವುದು ಎಲ್ಲ ರಾತ್ರಿ ನಿಧಾನಕ್ಕೆ. ಫೈಲಿನಿಂದ ಓದುವಾಗ ಸ್ಪೀಡ್ 0.2 ಎಕ್ಸ್ ಇದ್ದರೂ ಒಂದು ಫ್ರೇಮೂ ಹೋಗುವುದಿಲ್ಲ, ಫೈಲು ಕಾಯುತ್ತದೆ ಅಲ್ವಾ. ಹಳೇ ಕಂಪ್ಯೂಟರಿಗೆ ಶಕ್ತಿ ಕಮ್ಮಿ, ಹೊತ್ತು ಬೇಕಾದಷ್ಟಿದೆ. ಆ ಹೊತ್ತನ್ನು ಬಳಸಿಕೊಳ್ಳುವ ದಾರಿ ಇದು.

ಆದರೆ ಬಂದ ಹಾಗೇ ಹಿಡಿಯುವುದಕ್ಕೆ ಎಷ್ಟು ಜಾಗ ಬೇಕು? 720 ಗುಣಿಸು 576 ಚುಕ್ಕಿ, ಚುಕ್ಕಿಗೆ 2 ಬೈಟು, ಸೆಕೆಂಡಿಗೆ 25 ಸಲ. ಸೆಕೆಂಡಿಗೆ 20.7 ಎಂಬಿ ಆಯಿತು. ಗಂಟೆಗೆ ಸುಮಾರು 75 ಜಿಬಿ, ಮೂರು ಗಂಟೆಯ ಟೇಪಿಗೆ 224 ಜಿಬಿ. 320 ಜಿಬಿ ಡಿಸ್ಕಿನಲ್ಲಿ ಅಷ್ಟು ಖಾಲಿ ಜಾಗ ಇರಲಿಲ್ಲ. ಹಾಗಾಗಿ ಹಫ್‌ವೈಯುವಿ ಅನ್ನುವ ಕುಗ್ಗಿಸುವ ವಿಧಾನ ಆರಿಸಿಕೊಂಡೆವು. ಅದು ಒಂದು ಚುಕ್ಕಿಯನ್ನೂ ಕೆಡಿಸದೆ ಫೈಲನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಪ್ರತಿ ಫ್ರೇಮನ್ನೂ ಬೇರೆಯಾಗಿಯೇ ನೋಡುವುದರಿಂದ ಪ್ರೊಸೆಸರಿಗೆ ಹೊರೆ ತುಂಬ ಕಮ್ಮಿ. ಎಫ್‌ಎಫ್‌ವಿ1 ಇನ್ನೂ ಚಿಕ್ಕ ಫೈಲು ಮಾಡುತ್ತದೆ, ಅದನ್ನೂ ನೋಡಿದೆವು. ಈ ಕಂಪ್ಯೂಟರಿನಲ್ಲಿ ಅದು ಅಂಚಿನಲ್ಲೇ ಓಡಿತು. ಟೇಪು ಓಡುವಾಗ ಅಂಚಿನಲ್ಲಿರುವುದು ಬೇಡ ಅಂತ ಬಿಟ್ಟೆವು. ಸದ್ದನ್ನು 48,000 ಹರ್ಟ್ಸ್‌ನಲ್ಲಿ, ಕುಗ್ಗಿಸದ ಪಿಸಿಎಂ ಆಗಿ ಇಟ್ಟೆವು. ಚಿತ್ರದ ಮುಂದೆ ಅದರ ಜಾಗ ಏನೂ ಅಲ್ಲ.

ಹಫ್‌ವೈಯುವಿ ಹಾಕಿದ ಮೇಲೆ ಸ್ಪೀಡ್ 1 ಎಕ್ಸಿಗೆ ಬಂದು ಅಲ್ಲೇ ನಿಂತಿತು. ಮೂರು ಗಂಟೆಯೂ ಅಲುಗಲಿಲ್ಲ.

ಡಿಸ್ಕಿನ ಜಾಗದಲ್ಲಿ ಒಂದು ಎಡವಟ್ಟಾಯಿತು. ಹುಡುಗ ಹೊರಗಿನ ಯುಎಸ್‌ಬಿ ಡಿಸ್ಕಿಗೆ ಬರೆಸುತ್ತಿದ್ದ. 4 ಜಿಬಿಗೆ ಫೈಲು ನಿಂತದ್ದು ಅದರಲ್ಲೇ. ಆ ಡಿಸ್ಕಿನ ಫಾರ್ಮ್ಯಾಟು ಫ್ಯಾಟ್32, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಇಡಲು ಆಗುವುದೇ ಇಲ್ಲ. ಅದನ್ನು ಇಎಕ್ಸ್‌ಟಿ4 ಮಾಡಿದ ಮೇಲೂ ಹಫ್‌ವೈಯುವಿ ಬರೆಯುವಾಗ ತಡವರಿಸಿತು. ಕಾರಣ ಹುಡುಕಿದರೆ, ಸ್ಟಿಕ್ಕೂ ಡಿಸ್ಕೂ ಒಂದೇ ಯುಎಸ್‌ಬಿ 2.0 ಹಾದಿಯಲ್ಲಿದ್ದವು. ಸೆಕೆಂಡಿಗೆ 480 ಮೆಗಾಬಿಟ್ಟು ಅನ್ನುವುದು ಕಾಗದದ ಲೆಕ್ಕ, ಕೈಗೆ ಸಿಗುವುದು ಅದಕ್ಕಿಂತ ಎಷ್ಟೋ ಕಮ್ಮಿ. ಸ್ಟಿಕ್ಕು ತನ್ನ ಪಾಲನ್ನು ಮೊದಲೇ ಕಾದಿರಿಸಿಕೊಳ್ಳುತ್ತದೆ, ಡಿಸ್ಕಿಗೆ ಉಳಿದದ್ದಷ್ಟೇ. ಹಾಗಾಗಿ ರೆಕಾರ್ಡಿಂಗ್ ಒಳಗಿನ ಡಿಸ್ಕಿಗೇ ಮಾಡಿ, ಆಮೇಲೆ ಹೊರಗಿನದಕ್ಕೆ ಸಾಗಿಸುವುದು ಅಂತ ಮಾಡಿದೆವು. ಸ್ಟಿಕ್ಕನ್ನು ಪೆಟ್ಟಿಗೆಯ ಮುಂದಿನ ತೂತು ಬಿಟ್ಟು ಹಿಂದಿನ, ಮದರ್‌ಬೋರ್ಡಿನದ್ದೇ ತೂತಿಗೆ ಹಾಕಿದೆವು.

ಆದರೂ ಒಂದು ಜಾಗದಲ್ಲಿ ಸದ್ದು ತಪ್ಪಿತು

ಈಗ ಮೂರೂ ಕಡೆ ಚೆಂಡೆ ಪೆಟ್ಟು ಕೂರಬೇಕಿತ್ತು. ಶುರು ಸರಿ, ನಡುವೂ ಸರಿ. ಕೊನೆಯಲ್ಲಿ ಅರ್ಧ ಸೆಕೆಂಡಿನಷ್ಟು ಸದ್ದು ಹಿಂದೆ. ಈ ಸಲ ನಿಧಾನಕ್ಕೆ ಜಾರಿದ್ದಲ್ಲ. ಹುಡುಕಿದಾಗ ಒಂದೇ ಜಾಗದಲ್ಲಿ ದಿಢೀರ್ ಅಂತ ತಪ್ಪಿದ್ದು ಕಂಡಿತು. ಅಲ್ಲಿ ಟೇಪು ಮಡಿಸಿ ಹೋಗಿತ್ತು, ಪರದೆಯಲ್ಲಿ ಚಿತ್ರ ಒಮ್ಮೆ ಉರುಳಿ ಬಿಳಿ ಗೆರೆಗಳು ಬಂದು ಮತ್ತೆ ಕೂತಿತು.

ಅಂಥ ಕಡೆ ಸ್ಟಿಕ್ಕಿಗೆ ಚಿತ್ರದ ಹಿಡಿತ ತಪ್ಪುತ್ತದೆ, ಒಂದಷ್ಟು ಫ್ರೇಮು ಕೊಡುವುದೇ ಇಲ್ಲ. ಸದ್ದಿಗೆ ಆ ತೊಂದರೆ ಇಲ್ಲ, ಅದು ಹರಿಯುತ್ತಲೇ ಇರುತ್ತದೆ. ಇದು ಆಗುವಂಥದ್ದೇ. ಆದರೆ ಪ್ರತಿ ಫ್ರೇಮಿನ ಜೊತೆ ಅದು ಬಂದ ಹೊತ್ತಿನ ಗುರುತೂ ಬರುತ್ತದೆ. ಎಫ್‌ಎಫ್‌ಎಂಪೆಗ್ ಆ ಗುರುತು ನೋಡಿದರೆ ನಡುವಿನ ಖಾಲಿಯನ್ನು ಖಾಲಿಯಾಗಿಯೇ ಉಳಿಸುತ್ತದೆ, ಸದ್ದು ತಪ್ಪುವುದಿಲ್ಲ. ಮತ್ತೆ ಇಲ್ಲಿ ಯಾಕೆ ತಪ್ಪಿತು?

ನಕಲು ಮಾಡಿದ ಸಾಲನ್ನು ಅಕ್ಷರ ಅಕ್ಷರ ಓದಿದೆವು. ಇನ್‌ಪುಟ್ ಹೇಳುವ ಡ್ಯಾಶ್ ಐಗಿಂತ ಮೊದಲೇ ಡ್ಯಾಶ್ ಆರ್ 25 ಅಂತ ಇತ್ತು. ನೋಡಲು ಏನೂ ದೋಷ ಇಲ್ಲ, ಪಾಲ್‌ನಲ್ಲಿ 25 ಫ್ರೇಮೇ ತಾನೇ. ಆದರೆ ಇನ್‌ಪುಟ್ಟಿಗೆ ಮೊದಲು ಅದನ್ನು ಬರೆದರೆ ಅರ್ಥವೇ ಬೇರೆ: ಬಂದ ಹೊತ್ತಿನ ಗುರುತನ್ನು ಬಿಟ್ಟುಬಿಡು, ಬಂದ ಫ್ರೇಮನ್ನೆಲ್ಲ 25ರಂತೆ ಎಣಿಸಿ ಒಂದರ ಹಿಂದೆ ಒಂದು ಜೋಡಿಸು. ಎಫ್‌ಎಫ್‌ಎಂಪೆಗ್‌ನ ಕೈಪಿಡಿಯಲ್ಲೇ ಇದು ಸ್ಪಷ್ಟವಾಗಿದೆ. ಹಾಗೆ ಜೋಡಿಸಿದರೆ ಕಳೆದ ಪ್ರತಿ ಫ್ರೇಮಿಗೂ ಚಿತ್ರ 40 ಮಿಲಿಸೆಕೆಂಡು ಮುಂದೆ ಓಡುತ್ತದೆ, ಮತ್ತೆ ಹಿಂದೆ ಬರುವುದೇ ಇಲ್ಲ. ಮೊದಲ ಫೈಲಿನ 108 ಸೆಕೆಂಡೂ ಹೀಗೇ ಗುಡ್ಡೆಯಾದದ್ದು. ಬಿಸಿಯಿಂದ ಫ್ರೇಮು ಕಳೆಯಿತು, ಈ ಒಂದು ಮಾತಿನಿಂದ ಆ ನಷ್ಟ ಸದ್ದಿಗೂ ತಾಗಿತು. ಇದು ಇಲ್ಲದಿದ್ದರೆ ಚಿತ್ರ ತಡವರಿಸುತ್ತಿತ್ತು ಅಷ್ಟೇ, ಚೆಂಡೆ ತನ್ನ ಜಾಗದಲ್ಲೇ ಇರುತ್ತಿತ್ತು.

ಅದನ್ನು ತೆಗೆದು, ಇನ್‌ಪುಟ್ಟಿಗೆ ಸ್ಟ್ಯಾಂಡರ್ಡ್ ಪಾಲ್ ಅಂತ ಮಾತ್ರ ಹೇಳಿದೆವು. ರಾತ್ರಿಯ ಎರಡನೇ ಕೆಲಸದಲ್ಲಿ ಫ್ರೇಮಿನ ವೇಗ ಸಮ ಇರಲಿ ಅಂತ ಸಿಎಫ್‌ಆರ್ ಕೊಟ್ಟೆವು. ಆಗ ಖಾಲಿ ಜಾಗಕ್ಕೆ ಹಿಂದಿನ ಫ್ರೇಮನ್ನೇ ತುಂಬುತ್ತದೆ. ಇದು ಹಳೇ ಆವೃತ್ತಿಗಳಲ್ಲಿ ವಿಸಿಂಕ್ ಅನ್ನುವ ಹೆಸರಿನಲ್ಲಿದೆ, 5.1ರಿಂದ ಎಫ್‌ಪಿಎಸ್ ಮೋಡ್ ಆಗಿದೆ. ಹಳೇ ಕಂಪ್ಯೂಟರಿನಲ್ಲಿ ಹಳೇ ಆವೃತ್ತಿಯೇ ಇರುವುದು ಜಾಸ್ತಿ, ಹಾಗಾಗಿ ಯಾರೋ ಕೊಟ್ಟ ಸಾಲು ಓಡದಿದ್ದರೆ ಮೊದಲು ನಿಮ್ಮ ಆವೃತ್ತಿ ಯಾವುದು ನೋಡಿ.

ಸದ್ದು ತಪ್ಪಿದಾಗ ಯಾವ ಕಡೆಗೆ ತಪ್ಪಿದೆ ಅಂತ ನೋಡುವುದು ಇಲ್ಲಿ ಕಲಿತ ಅಭ್ಯಾಸ. ಸದ್ದು ತಡವಾಗಿ ಬಂದರೆ ಚಿತ್ರದ ತುಂಡು ಕಳೆದಿರಬಹುದು. ಕೋಲು ಮೇಲಿರುವಾಗಲೇ ಪೆಟ್ಟು ಕೇಳಿದರೆ ಸದ್ದಿನ ತುಂಡು ಕಳೆದಿರಬಹುದು. ಆಗ ಟರ್ಮಿನಲ್ಲಿನಲ್ಲಿ ಆಲ್ಸಾ (ಲಿನಕ್ಸಿನ ಸದ್ದಿನ ವ್ಯವಸ್ಥೆ) ಬಫರ್ ಎಕ್ಸ್‌ರನ್ ಅನ್ನುವ ಸಂದೇಶ ಇದೆಯಾ ನೋಡಬೇಕು. ಹುಡುಗ ಇದರಲ್ಲಿ ಪಾರಾಗಿದ್ದ. ಥ್ರೆಡ್ ಮೆಸೇಜ್ ಕ್ಯೂ ಬ್ಲಾಕಿಂಗ್ ಅಂತ ಎಚ್ಚರಿಕೆ ಬಂದಾಗ ಸದ್ದಿನ ಇನ್‌ಪುಟ್ಟಿಗೆ ಥ್ರೆಡ್ ಕ್ಯೂ ಸೈಜನ್ನು, ಅಂದರೆ ಬಂದ ಸದ್ದು ಕಾಯುವ ಸಾಲಿನ ಉದ್ದವನ್ನು, 8ರಿಂದ 1024ಕ್ಕೆ ಏರಿಸಿದ್ದ. ಅದು ಒಳ್ಳೇ ಕೆಲಸ. ಸದ್ದು ಪೂರ್ತಿ ಉಳಿದದ್ದು ಅದರಿಂದಲೇ ಅಂತ ನನ್ನ ಅಂದಾಜು.

ತೆರೆಯದ ಎರಡು ಫೈಲು

ಇದಕ್ಕೆ ಕಾರಣ ಕರೆಂಟು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ. ಎಂಪಿ4 ಫೈಲಿನಲ್ಲಿ ಯಾವ ಫ್ರೇಮು ಎಲ್ಲಿದೆ ಅನ್ನುವ ಪಟ್ಟಿಯನ್ನು ಸಾಮಾನ್ಯವಾಗಿ ರೆಕಾರ್ಡಿಂಗ್ ಮುಗಿದ ಮೇಲೆ ಕೊನೆಯಲ್ಲಿ ಬರೆಯುತ್ತದೆ. ನಡುವೆ ಕರೆಂಟು ಹೋದರೆ ಆ ಪಟ್ಟಿ ಇರುವುದೇ ಇಲ್ಲ. ತೆರೆಯಲು ಹೋದರೆ ಮೂವ್ ಆಟಮ್ ಸಿಗಲಿಲ್ಲ ಅನ್ನುತ್ತದೆ. ಅನ್‌ಟ್ರಂಕ್ ಅನ್ನುವ ಒಂದು ತಂತ್ರಾಂಶ ಇದೆ. ಅದೇ ಸೆಟ್ಟಿಂಗಿನಲ್ಲಿ ಮಾಡಿದ ಒಂದು ಒಳ್ಳೇ ಫೈಲು ತೋರಿಸಿದರೆ ಕೆಟ್ಟದ್ದನ್ನು ಜೋಡಿಸಲು ನೋಡುತ್ತದೆ. ಒಂದರಲ್ಲಿ ಹೆಚ್ಚಿನ ಭಾಗ ಸಿಕ್ಕಿತು. ಇನ್ನೊಂದು ಏನು ಮಾಡಿದರೂ ಬರಲಿಲ್ಲ. ಟೇಪು ಇನ್ನೂ ಕೈಯಲ್ಲೇ ಇದ್ದದ್ದರಿಂದ ಅದರ ಹಿಂದೆ ಜಾಸ್ತಿ ಹೋಗಲಿಲ್ಲ. ಆಮೇಲೆ ಎಲ್ಲ ರೆಕಾರ್ಡಿಂಗೂ ಎಂಕೆವಿ ಅನ್ನುವ ಇನ್ನೊಂದು ಬಗೆಯ ಫೈಲಿನಲ್ಲಿ. ಅದು ಬರೆಯುತ್ತಾ ಬರೆಯುತ್ತಾ ಮಾಹಿತಿ ಇಟ್ಟುಕೊಂಡೇ ಹೋಗುತ್ತದೆ, ಅರ್ಧಕ್ಕೆ ನಿಂತರೂ ಅಲ್ಲಿಯ ತನಕ ನೋಡಬಹುದು. ಕಂಪ್ಯೂಟರಿಗೂ ವಿಸಿಆರ್‌ಗೂ ಒಂದು ಯುಪಿಎಸ್ ಇಟ್ಟರು.

ಏನಾಯಿತು

ಮಾಷ್ಟ್ರ ಆ ತಾಳಮದ್ದಳೆ ಟೇಪನ್ನು ಇಷ್ಟೆಲ್ಲ ಆದ ಮೇಲೆ, ವಿಸಿಆರ್‌ನ ಹೆಡ್ ಒರೆಸಿ ಹಾಕಿದೆವು. ಒಂದೇ ಓಟಕ್ಕೆ ಮೂರು ಗಂಟೆಯೂ ಇಳಿಯಿತು. ಶುರು, ನಡು, ಕೊನೆ ಮೂರೂ ಕಡೆ ಮದ್ದಳೆಯ ಕೈಯೂ ಸದ್ದೂ ಒಂದೇ ಫ್ರೇಮಿನಲ್ಲಿ ಕೂತಿತು. ಮಾಷ್ಟ್ರು ನಡುವಿನ ಒಂದು ಸಂವಾದ ಎರಡು ಸಲ ಹಾಕಿಸಿ ಕೇಳಿದರು. "ಇವರ ಸ್ವರ ಹೀಗೇ ಇದ್ದದ್ದು, ಸರಿಯುಂಟು" ಅಂದರು.

ಈಗ ಹಗಲು ಒಂದು ಟೇಪು ಇಳಿಸುತ್ತಾರೆ. ರಾತ್ರಿ ಊಟ ಆದ ಮೇಲೆ ಹುಡುಗ ಎರಡನೇ ಕೆಲಸ ಶುರು ಮಾಡಿ ಮಲಗುತ್ತಾನೆ, ಮರುದಿನ ಮಧ್ಯಾಹ್ನದ ಹೊತ್ತಿಗೆ ನೋಡುವ ಫೈಲು ತಯಾರು. ಅದರಲ್ಲಿ ಎಕ್ಸ್‌264ಗೆ ಸ್ಲೋ ಪ್ರೀಸೆಟ್ಟು, ಯಾಡಿಫ್‌ಗೆ ಮೋಡ್ 1. ಪಾಲ್ ಚಿತ್ರದಲ್ಲಿ ಒಂದು ಫ್ರೇಮಿನೊಳಗೆ ಬೇರೆ ಬೇರೆ ಹೊತ್ತಿನ ಎರಡು ಅರ್ಧಚಿತ್ರ ಇರುತ್ತದೆ, ಮೋಡ್ 1 ಎರಡನ್ನೂ ಬಿಡಿಸಿ ಸೆಕೆಂಡಿಗೆ 50 ಫ್ರೇಮು ಮಾಡುತ್ತದೆ. ಧೀಂಗಿಣ ನೋಡಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಟೇಪು ಓಡುವಾಗಲೇ ಇದನ್ನೆಲ್ಲ ಮಾಡಿಸಲು ಆ ಕಂಪ್ಯೂಟರಿಗೆ ಯಾವತ್ತೂ ಆಗುತ್ತಿರಲಿಲ್ಲ.

ಇದೇ ತೊಂದರೆಯಲ್ಲಿ ಇರುವವರಿಗೆ ನಾನು ಹೇಳುವ ಕ್ರಮ ಇದು. ಮೊದಲು ಎಫ್‌ಎಫ್‌ಪ್ರೋಬ್‌ನಲ್ಲಿ ಚಿತ್ರದ ಉದ್ದ, ಸದ್ದಿನ ಉದ್ದ ಹೋಲಿಸಿ. ನಿಧಾನಕ್ಕೆ ಜಾರಿದೆಯೋ ಒಂದೇ ಕಡೆ ಹಾರಿದೆಯೋ ನೋಡಿ, ಎರಡಕ್ಕೂ ಕಾರಣ ಬೇರೆ. ರೆಕಾರ್ಡ್ ಮಾಡುವಾಗ ಒಂದು ಸಲವಾದರೂ ಪೂರ್ತಿ ಕೂತು ಸ್ಪೀಡ್ ಅಂಕಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಧೂಳು ತೆಗೆದು, ಪ್ರೀಸೆಟ್ ಬದಲಿಸಿ, ಡ್ಯಾಶ್ ಆರ್ ಕಿತ್ತು ಎಲ್ಲ ಒಟ್ಟಿಗೇ ಮಾಡಿದ್ದರೆ ಸರಿಯಾದದ್ದು ಯಾವುದರಿಂದ ಅಂತ ನಮಗೆ ಯಾವತ್ತೂ ತಿಳಿಯುತ್ತಿರಲಿಲ್ಲ.

ಹಫ್‌ವೈಯುವಿ ಫೈಲುಗಳನ್ನು ಏನು ಮಾಡುವುದು ಅನ್ನುವುದು ಕೊನೇ ಚರ್ಚೆ. ಅಳಿಸುವುದು ಬೇಡ ಅಂತ ನಾನು ಹಟ ಹಿಡಿದೆ. ಮುಖ್ಯವಾದ ಟೇಪುಗಳದ್ದನ್ನು ಎಫ್‌ಎಫ್‌ವಿ1 ಮಾಡಿ ಹೊರಗಿನ ಡಿಸ್ಕಿನಲ್ಲಿ ಇಡುತ್ತಿದ್ದೇವೆ. 2021ರಲ್ಲಿ ಅದು ಆರ್‌ಎಫ್‌ಸಿ 9043 ಅನ್ನುವ ತಾಂತ್ರಿಕ ದಾಖಲೆಯಾಗಿ ಪ್ರಕಟವಾಗಿದೆ, ಬರೆದಿಟ್ಟ ನಿಯಮ ಎಲ್ಲರಿಗೂ ಸಿಗುತ್ತದೆ. ಹಾಗಾಗಿ ಮುಂದೆಯೂ ಓದಬಹುದು ಅನ್ನುವ ಧೈರ್ಯ ಇದೆ. ಬದಲಾಯಿಸಿದ ಮೇಲೆ ಫ್ರೇಮ್‌ಎಂಡಿ5 ಅಂತ ಕೊಟ್ಟರೆ ಪ್ರತಿ ಫ್ರೇಮಿಗೂ ಒಂದು ಗುರುತಿನ ಸಾಲು ಬರೆದು ಕೊಡುತ್ತದೆ. ಎರಡೂ ಫೈಲಿನ ಪಟ್ಟಿ ಒಂದೇ ಇದ್ದರೆ ಮಾತ್ರ ಹಳೆಯದನ್ನು ಅಳಿಸುತ್ತೇವೆ.

ಕೆಳಗಿನ ಸಾಲಿನ ಕೆಲವು ಕ್ಯಾಸೆಟ್ಟುಗಳನ್ನು ಇನ್ನೂ ಮುಟ್ಟಿಲ್ಲ. ಅವುಗಳ ಪಾರದರ್ಶಕ ಕಿಟಕಿಯಲ್ಲಿ ಇಣುಕಿದರೆ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದದ್ದು ಕಾಣುತ್ತದೆ. ಅಂಥದ್ದನ್ನು ಹಾಕಿದರೆ ಟೇಪೂ ಹೋಗುತ್ತದೆ, ವಿಸಿಆರ್‌ನ ಹೆಡ್ಡೂ ಕೆಡುತ್ತದೆ, ಮುಂದೆ ಹಾಕುವ ಒಳ್ಳೇ ಟೇಪಿಗೂ ಅಂಟುತ್ತದೆ. ಅವನ್ನು ಬೇರೆ ಡಬ್ಬದಲ್ಲಿ, ಸಿಲಿಕಾ ಜೆಲ್ ಚೀಲದ ಜೊತೆ ಇಡಿಸಿದ್ದೇನೆ. ಒರೆಸುವ ಕೆಲಸಕ್ಕೆ ಅಂತಲೇ ಒಂದು ಹಳೇ ವಿಸಿಆರ್ ಬೇಕು, ಹುಡುಗ ಈಗ ಅದನ್ನು ಹುಡುಕುತ್ತಿದ್ದಾನೆ.